ತಲೆಯ ಮೇಲಿನ ಆಕಾಶ

"ಈ ಸಲ ಯುಗಾದಿ ಶನಿವಾರವೋ, ಭಾನುವಾರವೋ?" ಅಮೆರಿಕದಲ್ಲಿ ನೆಲೆಸಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಊರಿನಿಂದ ತಂದ ಕ್ಯಾಲೆಂಡರ್ ಒಂದು ದಿನ ತೋರಿಸಿದರೆ, ಇಲ್ಲಿನ ದೇವಸ್ಥಾನದ ಪಂಚಾಂಗ ಇನ್ನೊಂದು ದಿನ ತೋರಿಸುತ್ತದೆ. ಇದು ಬರೀ ಲೆಕ್ಕದ ಮಾತಲ್ಲ. ಸಂಪ್ರದಾಯವನ್ನು ಪಾಲಿಸುವುದೆಂದರೆ ಏನನ್ನು ಪಾಲಿಸುವುದು ಎಂಬ ಪ್ರಶ್ನೆಯೂ ಹೌದು.

ನಮ್ಮ ಪೂರ್ವಿಕರು ಕಾಲವನ್ನು ಅಳೆದದ್ದು ಆಕಾಶವನ್ನು ನೋಡಿ. ಚಂದ್ರನು ಸೂರ್ಯನಿಂದ 12 ಡಿಗ್ರಿ ಮುಂದೆ ಸಾಗಲು ಹಿಡಿಯುವ ಕಾಲವೇ ಒಂದು ತಿಥಿ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ. ಆದರೆ ದಿನ ಆರಂಭವಾಗುವುದು ಅವರವರ ಊರಿನ ಸೂರ್ಯೋದಯದಿಂದ.

ಭಾರತದಲ್ಲಿ ಶನಿವಾರ ಬೆಳಿಗ್ಗೆ 7 ಗಂಟೆಗೆ ಅಮಾವಾಸ್ಯೆ ಮುಗಿಯಿತು ಎನ್ನೋಣ. ಬೆಂಗಳೂರಿನಲ್ಲಿ ಅಷ್ಟರಲ್ಲಿ ಸೂರ್ಯ ಹುಟ್ಟಿಯಾಗಿದೆ. ಆದ್ದರಿಂದ ಭಾನುವಾರದ ಸೂರ್ಯೋದಯಕ್ಕೂ ಪಾಡ್ಯ ಉಳಿದಿದ್ದರೆ ಅಲ್ಲಿ ಯುಗಾದಿ ಭಾನುವಾರ. ಅದೇ ಕ್ಷಣ ನ್ಯೂಜೆರ್ಸಿಯಲ್ಲಿ ಶುಕ್ರವಾರ ರಾತ್ರಿ ಒಂಬತ್ತೂವರೆ. ಶನಿವಾರ ಇಲ್ಲಿ ಸೂರ್ಯ ಹುಟ್ಟುವಾಗ ಪಾಡ್ಯ ಬಂದಿರುತ್ತದೆ. ಹಾಗಾಗಿ ಇಲ್ಲಿ ಯುಗಾದಿ ಶನಿವಾರವೇ!

ಇದು ನಾವು ವಿದೇಶಕ್ಕೆ ಬಂದ ಮೇಲೆ ಮಾಡಿಕೊಂಡ ಹೊಂದಾಣಿಕೆಯಲ್ಲ. ಲಂಕೆಯಲ್ಲಿ ಸೂರ್ಯೋದಯವಾದಾಗ ರೋಮಕದಲ್ಲಿ ನಡುರಾತ್ರಿ ಎಂದು ಆರ್ಯಭಟ ತನ್ನ 'ಆರ್ಯಭಟೀಯ'ದಲ್ಲಿ ಹೇಳಿದ್ದಾನೆ. ಕ್ರಿ.ಶ. 499ರಲ್ಲಿ ಅವನಿಗೆ 23 ವರ್ಷ. ಉಜ್ಜಯಿನಿಯ ರೇಖೆಯನ್ನು ಆಧಾರವಾಗಿಟ್ಟುಕೊಂಡು, ಬೇರೆ ಊರುಗಳಿಗೆ 'ದೇಶಾಂತರ'ವನ್ನು ಕೂಡಿಸಿ ಕಳೆಯುವ ಕ್ರಮವನ್ನು ನಮ್ಮ ಜ್ಯೋತಿಷಿಗಳು ಬಹು ಹಿಂದೆಯೇ ಬಲ್ಲವರಾಗಿದ್ದರು. ಎಲ್ಲಿದ್ದೀಯೋ ಅಲ್ಲಿನ ಆಕಾಶವನ್ನು ನೋಡು ಎಂಬುದೇ ಅವರ ಕ್ರಮದ ಸಾರ.

ಆದರೂ ಮನಸ್ಸು ಒಪ್ಪುವುದಿಲ್ಲ. ಊರಿನಲ್ಲಿ ಅಮ್ಮ ಬೇವು-ಬೆಲ್ಲ ಹಂಚುವ ದಿನವೇ ನಾವೂ ಹಂಚಬೇಕೆನಿಸುತ್ತದೆ. ತಂದೆಯ ಶ್ರಾದ್ಧವನ್ನು ಬೆಂಗಳೂರಿನ ಅಣ್ಣ ಒಂದು ದಿನ, ಇಲ್ಲಿರುವ ತಮ್ಮ ಇನ್ನೊಂದು ದಿನ ಮಾಡಿದರೆ ಯಾರೋ ಒಬ್ಬರು ತಪ್ಪಿದಂತೆ ಕಾಣುತ್ತದೆ. ಈ ಸಂಕಟ ಸುಳ್ಳಲ್ಲ. ಆದರೆ ಶ್ರಾದ್ಧಕ್ಕೆ ನೋಡುವುದು ಆಯಾ ಊರಿನ ಅಪರಾಹ್ನದಲ್ಲಿರುವ ತಿಥಿಯನ್ನು. ಇಬ್ಬರೂ ಪಾಲಿಸುತ್ತಿರುವುದು ಒಂದೇ ನಿಯಮ. ತಾರೀಖು ಬೇರೆಯಾದ ಮಾತ್ರಕ್ಕೆ ಶ್ರದ್ಧೆ ಬೇರೆಯಾಗುವುದಿಲ್ಲ.

ಇನ್ನು ವಾರಾಂತ್ಯದ ಆಚರಣೆಯ ವಿಷಯ. ಕೆಲಸ, ಶಾಲೆಗಳ ನಡುವೆ ಎಲ್ಲರೂ ಸೇರಲು ಶನಿವಾರವೋ ಭಾನುವಾರವೋ ಬೇಕೇ ಬೇಕು. ಉತ್ಸವ ಎಲ್ಲರದು, ಅದಕ್ಕೆ ಅನುಕೂಲ ನೋಡುವುದರಲ್ಲಿ ದೋಷವಿಲ್ಲ. ವ್ರತ ಮಾತ್ರ ನಮ್ಮನಮ್ಮದು. ಅಂದು ಮನೆಯಲ್ಲಿ ಒಂದು ದೀಪ ಹಚ್ಚಲು ರಜೆ ಬೇಕಾಗಿಲ್ಲ. ಅನುಕೂಲಕ್ಕೆ ಆರಿಸಿಕೊಂಡ ದಿನವನ್ನೇ ತಿಥಿ ಎಂದು ಮಕ್ಕಳಿಗೆ ಹೇಳಿಕೊಡಬಾರದು, ಅಷ್ಟೆ.

ಮುಂದಿನ ಹುಣ್ಣಿಮೆಯ ಸಂಜೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಪಶ್ಚಿಮದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಚಂದ್ರ ಏಳುವುದನ್ನು ತೋರಿಸಿ. ಪಂಚಾಂಗದ ಮೊದಲ ಪಾಠ ಅಲ್ಲಿಂದಲೇ ಶುರುವಾಗಲಿ.