ಮಾರ್ಚ್ 31ರ ಸರದಿ

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಪುಣೆಯ ನಮ್ಮ ಮನೆಯಲ್ಲಿ ಬೇವು-ಬೆಲ್ಲ, ಹೋಳಿಗೆ ಎಲ್ಲ ಆಯಿತು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಗುಡಿ ಏರಿದ್ದವು. ಹಾಸನದಿಂದ ಬಂದಿದ್ದ ಅಮ್ಮ ಪಂಚಾಂಗ ನೋಡಿ, "ಪಾಡ್ಯ ಮಧ್ಯಾಹ್ನಕ್ಕೇ ಮುಗೀತು ಕಣೋ, ಚಂದ್ರ ಇವತ್ತೇ ಕಾಣ್ತಾನೆ" ಎಂದರು. ಸಂಜೆ ಟೆರೇಸಿಗೆ ಹೋದೆವು. ಪಡುವಣದಲ್ಲಿ ನೂಲಿನೆಳೆಯಂಥ ಚಂದ್ರ ಕಂಡ. ಅಮ್ಮನ ಕಾಲಿಗೆ ನಮಸ್ಕರಿಸಿದೆವು.

ಅದೇ ಎಳೆಚಂದ್ರನಿಗಾಗಿ ನನ್ನ ತಂಡದ ಹುಡುಗನೊಬ್ಬ ತಿಂಗಳಿಡೀ ಉಪವಾಸವಿದ್ದು ಕಾಯುತ್ತಿದ್ದ. ಚಂದ್ರ ಕಂಡಿದ್ದರಿಂದ ಮರುದಿನ ಸೋಮವಾರ ರಂಜಾನ್ ಈದ್. ಆದರೆ ಅದು ಹಣಕಾಸು ವರ್ಷದ ಕೊನೆಯ ದಿನವೂ ಹೌದು. ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕುಗಳು ಅಂದು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕೇ ಸೂಚಿಸಿತ್ತು. ನಮ್ಮ ಗ್ರಾಹಕರಿಗೂ ವರ್ಷಾಂತ್ಯದ ಲೆಕ್ಕ. ಸಪೋರ್ಟ್ ಸರದಿಯ ಪಟ್ಟಿಯನ್ನು ಜನವರಿಯಲ್ಲೇ ಮಾಡಿದವನು ನಾನು. ಮಾರ್ಚ್ 31ರ ಎದುರು ಅವನ ಹೆಸರಿತ್ತು.

ರಾತ್ರಿ ಒಂಬತ್ತಕ್ಕೆ ನೆನಪಾಗಿ ಫೋನ್ ಮಾಡಿದೆ. "ಕೋಯಿ ಬಾತ್ ನಹೀ ಸರ್" ಎಂದ. ನಮಾಜು ಬೆಳಿಗ್ಗೆಯೇ ಮುಗಿಯುತ್ತದೆ, ಹತ್ತಕ್ಕೆ ಲಾಗಿನ್ ಆಗುತ್ತೇನೆ ಎಂದೂ ಸೇರಿಸಿದ. ನಾನು ಬದಲಿ ಹುಡುಕಲಿಲ್ಲ. ನಾನೇ ಕೂರಬಹುದಿತ್ತು, ಕೂರಲಿಲ್ಲ. ಮರುದಿನ ಮಧ್ಯಾಹ್ನ ಅವನು ಗ್ರೂಪಿನಲ್ಲಿ ಶೀರ್ ಖುರ್ಮಾದ ಫೋಟೊ ಹಾಕಿದ. ನಾವೆಲ್ಲ ಹೃದಯದ ಚಿಹ್ನೆ ಒತ್ತಿದೆವು.

ಪಟ್ಟಿ ಯಾರ ಮುಖವನ್ನೂ ನೋಡಿಲ್ಲ, ಸರದಿ ಎಲ್ಲರಿಗೂ ಒಂದೇ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ರಿಲೀಸ್ ದೀಪಾವಳಿಯ ದಿನ ಬಿದ್ದಿರಲಿಲ್ಲ. ನನ್ನ ಹಬ್ಬವನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ಅವನ ಹಬ್ಬವನ್ನು ಯಾರಾದರೂ ನೆನಪಿಸಬೇಕಿತ್ತು, ಅವನು ಕಿರಿಯ, ಬಾಯಿಬಿಡಲಿಲ್ಲ. ದಾರಿಯೇ ಒಂದು ಕಡೆಗೆ ಓರೆಯಾಗಿದ್ದರೆ ಎಲ್ಲರಿಗೂ ಒಂದೇ ಗಾಡಿ ಕೊಟ್ಟರೂ ಅದು ಸಮಾನತೆಯಾಗುವುದಿಲ್ಲ.

ಪ್ರತಿ ಈದ್‌ಗೆ ಅವನ ಮನೆಯಲ್ಲಿ ಉಂಡಿದ್ದೇನೆ. ಗಣಪತಿ ಕೂರಿಸಿದಾಗ ಅವನು ನಮ್ಮಲ್ಲಿ ಮೋದಕ ತಿಂದಿದ್ದಾನೆ. ಇದನ್ನೇ ಸೌಹಾರ್ದ ಎಂದುಕೊಂಡಿದ್ದೆ. ಸುಳ್ಳಲ್ಲ, ಆದರೆ ಸುಲಭದ್ದು. ಇನ್ನೊಬ್ಬರ ಹಬ್ಬದೂಟ ಉಣ್ಣಲು ನಾನೇನೂ ಬಿಟ್ಟುಕೊಡಬೇಕಿಲ್ಲ. ಅವರ ಹಬ್ಬದ ದಿನ ಅವರ ಕುರ್ಚಿಯಲ್ಲಿ ಕೂರಬೇಕೆಂದರೆ ನನ್ನದೊಂದು ದಿನ ಹೋಗುತ್ತದೆ.

2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಒಂದೇ ದಿನ ಬಂದವು. ಗಣೇಶ ವಿಸರ್ಜನೆಗೆ ಅಡ್ಡಿಯಾಗದಿರಲೆಂದು ಮುಂಬೈಯ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡರು. 2024ರಲ್ಲೂ ಸೆಪ್ಟೆಂಬರ್ 18ಕ್ಕೆ ಮುಂದೂಡಿದರು. ಆ ಸುದ್ದಿಯನ್ನು ಮೆಚ್ಚಿ ನಾಲ್ಕು ಗ್ರೂಪುಗಳಿಗೆ ಕಳಿಸಿದವನು ನಾನು. ನಾವಾಗಿದ್ದರೆ ಮುಂದೂಡುತ್ತಿದ್ದೆವೇ ಎಂದು ಆಗ ಕೇಳಿಕೊಳ್ಳಲಿಲ್ಲ.

ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಬಂದಾಗ ಈ ತೊಡಕಿಲ್ಲ. ಅವು ಎಲ್ಲರ ಹಬ್ಬ, ಯಾರೂ ಯಾರಿಗೂ ಜಾಗ ಬಿಡಬೇಕಿಲ್ಲ. ಬಾವುಟ ಹಾರಿಸಿ ಏಕತೆಯ ಮಾತಾಡಿ ಮನೆಗೆ ಬರುತ್ತೇವೆ. ಆ ಮಾತು ನಿಜವೋ ಅಲ್ಲವೋ ಎಂದು ಗೊತ್ತಾಗುವುದು ಮಾರ್ಚ್ 31ರಂಥ ದಿನಗಳಲ್ಲಿ.

ಹಬ್ಬದ ದಿನ ಎಲ್ಲರಿಗೂ ರಜೆ ಸಿಗುವುದು ಸಾಧ್ಯವಿಲ್ಲ, ಒಪ್ಪುತ್ತೇನೆ. ರೈಲು ಓಡಬೇಕು, ಆಸ್ಪತ್ರೆ ತೆರೆದಿರಬೇಕು, ಸರ್ವರ್ ನಿಲ್ಲಬಾರದು. ಯಾರಾದರೂ ಕೆಲಸ ಮಾಡಲೇಬೇಕು. ಆದರೆ ಮಾಡುವವರನ್ನು ಮೊದಲೇ ಕೇಳಿದೆವೇ? ಕೇಳಬೇಕಾದವನು ಪಟ್ಟಿ ಯಾರ ಕೈಯಲ್ಲಿದೆಯೋ ಅವನು. "ಪರವಾಗಿಲ್ಲ" ಎನ್ನುವವನ ಒಳ್ಳೆಯತನದ ಮೇಲೆ ನ್ಯಾಯವನ್ನು ನಿಲ್ಲಿಸಬಾರದು.

ಆದ್ದರಿಂದ ಈ ಸಲ ಪಟ್ಟಿ ಮಾಡುವ ಮೊದಲು ತಂಡಕ್ಕೆ ಹೇಳಿದೆ: ಯಾರೂ ಮುಟ್ಟಬಾರದ ಎರಡು ದಿನಗಳನ್ನು ಒಬ್ಬೊಬ್ಬರೂ ಬರೆದುಕೊಡಿ. ಉಳಿದವರು ಎರಡು ಹಬ್ಬ ಬರೆದರು. ಅವನು ಬರೆದದ್ದು ಒಂದೇ ಈದ್, ಎರಡು ತಾರೀಖು. ಚಂದ್ರ ಯಾವತ್ತು ಕಾಣುತ್ತಾನೋ ಹೇಳಲಾಗದಲ್ಲ. ಎಲ್ಲರಿಗೂ ಸಮ ಎಂದುಕೊಂಡು ಮಾಡಿದ ಹೊಸ ನಿಯಮವನ್ನೂ ನಾನು ನನ್ನ ಪಂಚಾಂಗ ಇಟ್ಟುಕೊಂಡೇ ಮಾಡಿದ್ದೆ. ಅವನಿಗೆ ಫೋನ್ ಮಾಡಿ, ಇನ್ನೊಂದು ದಿನ ಬರಿ ಎಂದೆ.