ಅಳತೆಗೆ ಹೊಲಿದ ಹಾಡು

ಮಾದಾಪುರದಲ್ಲಿ ಬೀದಿಗಿಳಿದರೆ ಕಿವಿಗೆ ಬೀಳುವುದು ತೆಲುಗು ಸಿನಿಮಾ ಹಾಡು. ಹಾಗಾಗಿ ಮನೆಯೊಳಗೆ ಯಾವ ಕನ್ನಡ ಹಾಡು ಅನ್ನೋದು ನಮಗೆ ಸಣ್ಣ ವಿಷಯವಲ್ಲ. ನಮ್ಮ ಮಾವನವರಿಗೆ 'ನಿತ್ಯೋತ್ಸವ'ವೇ ಹಾಡು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಆಮೇಲೆ ರಾಗ ಹಾಕಿದ್ದು. ಕ್ಯಾಸೆಟ್ ಬಂದದ್ದು 1978ರಲ್ಲಿ. ಮಗಳಿಗೆ 2006ರ 'ಮುಂಗಾರು ಮಳೆ'. "ಟ್ಯೂನು ಮೊದಲು, ಮಾತು ಆಮೇಲೆ. ಕಾರ್ಖಾನೆ ಮಾಲು ಕಣಮ್ಮಾ" ಅಂತ ಮಾವ ಮೂಗು ಮುರೀತಾರೆ.

ಅಳತೆಯೇ ತಪ್ಪಾದರೆ ಕುಮಾರವ್ಯಾಸನೂ ಭಾಮಿನಿ ಷಟ್ಪದಿಯ ಮಾತ್ರೆಗೆ ಕಟ್ಟುಬಿದ್ದೇ ಬರೆದನಲ್ಲ! ಕ್ಯಾಸೆಟ್ಟೂ ಅಂಗಡಿಯಲ್ಲಿ ಮಾರಿದ ಸರಕೇ. ಮನೋ ಮೂರ್ತಿಯವರ ಟ್ಯೂನಿನೊಳಗೆ ಜಯಂತ ಕಾಯ್ಕಿಣಿ ತಮ್ಮದೇ ಮಾತು ತಂದರು. ಆಮೇಲೆ ಅದೇ ಅಚ್ಚಿನಲ್ಲಿ ಮಳೆ, ಕನಸು, ಹೃದಯ ತುಂಬಿಕೊಂಡು ಬಂದ ಎಷ್ಟೋ ಹಾಡುಗಳಲ್ಲಿ ಬರೆದವರೇ ಕಾಣುವುದಿಲ್ಲ. ಮಾವನ ಕಾಲದ ಭಾವಗೀತೆಗಳಲ್ಲೂ ಅಂಥವು ಇದ್ದವು. ಯಾರಿಗೂ ನೆನಪಿಲ್ಲ, ಅಷ್ಟೆ.

ಮಗಳಿಗೆ ಕನ್ನಡ ಓದಲು ಬರದು. ಅವಳ ಪಾಲಿಗೆ ಹಾಡೇ ಪುಸ್ತಕ. ಕೆಲವು ಹಾಡು ಕೇಳುವಾಗ ಮಾತ್ರ ತಟ್ಟನೆ ನಿಲ್ಲಿಸಿ "ಹಾಗಂದ್ರೇನು ತಾತಾ?" ಅಂತಾಳೆ. ಮಿಕ್ಕವನ್ನು ಏನೂ ಕೇಳದೆ ದಿನವಿಡೀ ಗುನುಗುತ್ತಾಳೆ. ನನಗೆ ಭಯವಾಗುವುದು ಆ ಎರಡನೆಯ ಬಗೆಯವು, ಯಾವ ಕಾಲದ್ದೇ ಆಗಲಿ.