ಘರಕುಲದ ಪಟ್ಟಿಯೂ ಊರಿನ ದಾಕ್ಷಿಣ್ಯವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಬಡವನಿಗೆ ಮನೆಯೆಂಬುದು ಒಂದು ಆಯುಷ್ಯದ ದುಡಿಮೆ. ಆ ದುಡಿಮೆಗೆ ಹೆಗಲು ಕೊಡಲೆಂದು 1985ರಲ್ಲಿ ಇಂದಿರಾ ಆವಾಸ ಯೋಜನೆಯು ಆರಂಭವಾಯಿತು. 2016ರಲ್ಲಿ ಅದು ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯೆಂಬ ಹೊಸ ರೂಪವನ್ನು ತಳೆಯಿತು. ಹೆಸರು ಯಾವುದಿದ್ದರೂ ಉಮದಿಯ ಸುತ್ತಲಿನ ಜನರು ಅದನ್ನು ಘರಕುಲವೆಂದೇ ಕರೆಯುವರು. ಬಯಲು ನಾಡಿನ ಕುಟುಂಬವೊಂದಕ್ಕೆ ಈ ಯೋಜನೆಯು ಗೊತ್ತುಪಡಿಸಿದ ನೆರವು 1,20,000 ರೂಪಾಯಿ. ಕಟ್ಟಬೇಕಾದ ಮನೆ ಅಡುಗೆಯ ಸ್ಥಳವೂ ಸೇರಿ ಕನಿಷ್ಠ 25 ಚದರ ಮೀಟರು. ಉಳ್ಳವನ ಕಣ್ಣಿಗೆ ಇದು ಅಲ್ಪ ಮೊತ್ತ. ಸೋರುವ ಮಾಳಿಗೆಯ ಕೆಳಗೆ ಮಕ್ಕಳ ಪುಸ್ತಕಗಳನ್ನು ಮೂಲೆಯಿಂದ ಮೂಲೆಗೆ ಸರಿಸುತ್ತ ಮಳೆಗಾಲವನ್ನು ಕಳೆಯುವ ತಾಯಿಗೆ ಇದು ಅಲ್ಪವಲ್ಲ.

ಇಂಥ ನೆರವನ್ನು ಅಗತ್ಯವಿಲ್ಲದವನು ಸುಳ್ಳು ಹೇಳಿ ಪಡೆದರೆ ಅವನು ಕದ್ದುದು ಯಾರ ಸೊತ್ತನ್ನು? ಅದನ್ನು ತಡೆಯುವ ಹೊಣೆ ಯಾರದು? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಟ್ಟು ವಿಚಾರಿಸಬಯಸುತ್ತೇವೆ.

ಮೊದಲ ಪ್ರಶ್ನೆಗೆ ಕಟ್ಟೆಯ ಮೇಲೆ ಸಿಗುವ ಉತ್ತರ ಸುಲಭವಾದುದು: "ಸರಕಾರದ ದುಡ್ಡು, ಯಾರಪ್ಪನ ಗಂಟು ಹೋಯಿತು?" ಆದರೆ ಈ ಉತ್ತರವು ಲೆಕ್ಕಕ್ಕೆ ನಿಲ್ಲದು. 2011ರ ಸಾಮಾಜಿಕ ಆರ್ಥಿಕ ಗಣತಿಯಿಂದಲೂ, 2018ರಲ್ಲಿ ಮೊದಲುಗೊಂಡ ಆವಾಸ ಪ್ಲಸ್ ಸಮೀಕ್ಷೆಯಿಂದಲೂ ಹೆಸರುಗಳನ್ನು ಆಯ್ದು, ಮನೆಯೇ ಇಲ್ಲದವರು, ಕಚ್ಚಾ ಗೋಡೆ ಕಚ್ಚಾ ಮಾಳಿಗೆಯ ಒಂದೆರಡು ಕೋಣೆಗಳಲ್ಲಿ ಇರುವವರು ಎಂದು ಕ್ರಮವನ್ನಿಟ್ಟು ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಮಂಜೂರಾಗುವ ಮನೆಗಳ ಸಂಖ್ಯೆ ಮೊದಲೇ ಗೊತ್ತಾಗಿರುತ್ತದೆ. ಹತ್ತು ಮನೆಗಳು ಬಂದಾಗ ಅನರ್ಹನೊಬ್ಬನು ಆರನೆಯವನಾಗಿ ಸೇರಿಕೊಂಡರೆ, ಹತ್ತನೆಯವನಾಗಬೇಕಾದವನು ಹನ್ನೊಂದನೆಯವನಾಗುತ್ತಾನೆ. ಸರಕಾರವು ಕೊಟ್ಟುದು ಹತ್ತೇ ಮನೆ. ಅದಕ್ಕೆ ನಷ್ಟವೇ ಇಲ್ಲ. ನಷ್ಟವಾದುದು ಆ ಹನ್ನೊಂದನೆಯವನಿಗೆ. ಅವನು ದೂರದವನಲ್ಲ, ಅದೇ ಓಣಿಯವನು, ಹೆಸರು ಹಿಡಿದು ಕರೆಯಬಹುದಾದವನು. ಆದ್ದರಿಂದ ಘರಕುಲದ ವಂಚನೆಯು ನೆರೆಯವನ ತಲೆಯ ಮೇಲಿನ ಸೂರನ್ನು ಕಿತ್ತುಕೊಳ್ಳುವ ಕೃತ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಗಣತಿಯ ರೀತಿಯಲ್ಲಿ ಒಂದು ಕುಟುಂಬವೆಂದರೆ ಒಂದು ಒಲೆ. ಮದುವೆಯಾದ ಮಗನು ತಂದೆಯ ಮನೆಯಲ್ಲಿಯೇ ಸೀರೆಯೊಂದನ್ನು ಅಡ್ಡಕಟ್ಟಿ ಹೆಂಡತಿ ಮಕ್ಕಳೊಡನೆ ಬೇರೆ ಒಲೆ ಹೂಡಿದ್ದರೆ ಅವನ ಅಗತ್ಯ ನಿಜವಾದುದು. ಚಿರೇಬಂದಿ ಮನೆಯಲ್ಲಿ ಒಟ್ಟಾಗಿ ಉಣ್ಣುವ ಅಣ್ಣತಮ್ಮಂದಿರು ಸಮೀಕ್ಷೆಯ ದಿನದ ಮಟ್ಟಿಗೆ ಹೊಸ ಒಲೆಯನ್ನು ಹೂಡಿದರೆ ಅದು ವಂಚನೆ. ಮಸಿ ಹಿಡಿಯದ ಆ ಒಲೆಯೇ ಅದಕ್ಕೆ ಸಾಕ್ಷಿ. ಮೊದಲ ಕಂತನ್ನು ಪಡೆದವನು ಮಗಳ ಆಸ್ಪತ್ರೆಗೆ ಖರ್ಚು ಮಾಡಿ ಬುನಾದಿಯನ್ನೇ ತೆಗೆಯದಿದ್ದರೆ ಅದು ತಪ್ಪು. ಅದೇ ಕಂತಿಗೆ ನೆರೆಯವನ ಗೋಡೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡರೆ ಅದು ಕಳ್ಳತನ. ಇನ್ನು ಹೆಸರನ್ನು ಸೇರಿಸಲು ಲಂಚವನ್ನು ಕೇಳುವವನದು ಎಲ್ಲಕ್ಕೂ ದೊಡ್ಡ ಅಪರಾಧ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ನಮ್ಮ ರಾಜ್ಯದಲ್ಲಿಯೇ ಜಳಗಾಂವ ನಗರದ ಘರಕುಲ ಪ್ರಕರಣದ ದೂರು 2006ರಲ್ಲಿ ದಾಖಲಾಗಿ, 2019ರ ಆಗಸ್ಟಿನಲ್ಲಿ ಧುಳೆಯ ವಿಶೇಷ ನ್ಯಾಯಾಲಯವು ಮಾಜಿ ಸಚಿವರೂ ನಗರಸೇವಕರೂ ಸೇರಿದಂತೆ 48 ಮಂದಿಯನ್ನು ದೋಷಿಗಳೆಂದು ತೀರ್ಪಿತ್ತಿತು. ಬಡವನ ಒಂದು ಕಂತನ್ನು ಬೆನ್ನಟ್ಟುವ ಕಾಲು, ದೊಡ್ಡವರ ಬಾಗಿಲಿಗೆ ತಲುಪಲು ಹದಿಮೂರು ವರ್ಷ ಹಿಡಿಯಿತೆಂಬುದನ್ನು ಮರೆಯಲಾಗದು.

ಹಾಗಾದರೆ ಪಂಚಾಯತಿಯು ಏನು ಮಾಡುತ್ತದೆ? ನಿಯಮಗಳಿಗೆ ಕೊರತೆಯಿಲ್ಲ. ಹಣವು ನೇರವಾಗಿ ಬ್ಯಾಂಕಿನ ಖಾತೆಗೆ, ಅದೂ ಕಂತುಗಳಲ್ಲಿ ಬರುತ್ತದೆ. ಬುನಾದಿಯಿಂದ ಮಾಳಿಗೆಯವರೆಗೆ ಹಂತಹಂತಕ್ಕೂ ಸ್ಥಳದ ಗುರುತಿನೊಡನೆ ಛಾಯಾಚಿತ್ರವನ್ನು ತೆಗೆಯಬೇಕು. ಅನರ್ಹರನ್ನು ಬಿಡಿಸಲು ಲಕ್ಷಣಗಳೂ ಉಂಟು: ನಾಲ್ಕು ಗಾಲಿಯ ವಾಹನ, ಸರಕಾರಿ ನೌಕರಿ, ಆದಾಯ ತೆರಿಗೆ ಇತ್ಯಾದಿ. 2024ರಲ್ಲಿ ಈ ಲಕ್ಷಣಗಳನ್ನು ತಿದ್ದಿ, ದ್ವಿಚಕ್ರ ವಾಹನ ಹಾಗೂ ಫ್ರಿಜ್ಜುಗಳನ್ನು ಅಡ್ಡಿಯಲ್ಲವೆಂದರು. ಮಾಸಿಕ ಗಳಿಕೆಯ ಮಿತಿಯನ್ನು 10,000ದಿಂದ 15,000 ರೂಪಾಯಿಗೆ ಏರಿಸಿದರು. ಅದೇ ವೇಳೆಗೆ ಐದು ಎಕರೆ ಒಣ ಬೇಸಾಯದ ಭೂಮಿ ಉಳ್ಳವನನ್ನು ಅನರ್ಹನೆಂದು ಎಣಿಸಿದರು. ಮಳೆಯನ್ನೇ ನಂಬಿದ ಜತ್ತ ತಾಲೂಕಿನಲ್ಲಿ ಐದು ಎಕರೆ ಮಡ್ಡಿಯು ಎಷ್ಟು ಜನರ ಹೊಟ್ಟೆಯನ್ನು ತುಂಬಿಸುತ್ತದೆ? ನಿಯಮವು ಭೂಮಿಯನ್ನು ಅಳೆಯಬಲ್ಲದು, ಬೆಳೆಯನ್ನು ಅಳೆಯಲಾರದು.

ಯಂತ್ರದ ಕಣ್ಣಿಗೂ ಇಂಥ ಮಿತಿಯುಂಟು. ದೀಪಾವಳಿಯ ಸುಮಾರಿಗೆ ನಮ್ಮ ಭಾಗದ ಎಷ್ಟೋ ಕುಟುಂಬಗಳು ಕಬ್ಬಿನ ಕಟಾವಿಗೆ ಹೋಗುತ್ತವೆ. ಆಗ ಪರಿಶೀಲನೆಗೆ ಬಂದವನಿಗೆ ಕಾಣುವುದು ಬೀಗ ಹಾಕಿದ ಬಾಗಿಲು. 'ಇಲ್ಲಿ ಯಾರೂ ವಾಸವಿಲ್ಲ' ಎಂದು ಅವನು ಬರೆದುಕೊಂಡರೆ ಬರಹವು ಸತ್ಯ, ಆದರೆ ನ್ಯಾಯವಲ್ಲ. ಈ ಅಪಾಯ ನಮ್ಮಲ್ಲಿಯಷ್ಟೇ ಇರುವುದಲ್ಲ. ನೆದರ್ಲೆಂಡ್ಸ್ ದೇಶದಲ್ಲಿ ಶಿಶುಪಾಲನೆಯ ಸಹಾಯಧನದಲ್ಲಿ ವಂಚಕರನ್ನು ಹುಡುಕಹೊರಟ ಅಧಿಕಾರಿಗಳು ಸಾವಿರಾರು ನಿರಪರಾಧಿ ಕುಟುಂಬಗಳನ್ನು ಸಾಲದ ಮಡುವಿಗೆ ತಳ್ಳಿದರು. 2021ರ ಜನವರಿಯಲ್ಲಿ ಅಲ್ಲಿಯ ಸರಕಾರವೇ ರಾಜೀನಾಮೆಯನ್ನು ಕೊಡಬೇಕಾಯಿತು. ಬ್ರಿಟನ್ನಿನಲ್ಲಿ ಮನೆಬಾಡಿಗೆಯ ನೆರವಿನ ವಂಚನೆಯನ್ನು ಸ್ಥಳೀಯ ಮಂಡಳಿಗಳೇ ತನಿಖೆ ಮಾಡುತ್ತಿದ್ದವು. 2014ರಿಂದ 2016ರ ಅವಧಿಯಲ್ಲಿ ಆ ಕೆಲಸವನ್ನು ಕೇಂದ್ರ ಇಲಾಖೆಗೆ ಒಪ್ಪಿಸಿದರು. ದೂರದ ಅಧಿಕಾರಿಗೆ ಮುಲಾಜಿಲ್ಲ, ನಿಜ. ಆದರೆ ಬೀಗದ ಹಿಂದಿನ ಕಾರಣವೂ ಅವನಿಗೆ ತಿಳಿಯದು. ಹತ್ತಿರದವನಿಗೆ ಎಲ್ಲವೂ ತಿಳಿದಿದೆ, ಆದರೆ ಬಾಯಿ ಬಾರದು.

ಬಾಯಿ ಏಕೆ ಬಾರದು? ಸದಸ್ಯನಿಗೆ ಅವನು ಬೀಗ, ಸರಪಂಚನಿಗೆ ಮತ ಹಾಕಿದವನು, ನಮಗೆ ನಾಳೆ ಎದುರಾಗುವವನು. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರೂ ಆಡದಿರುವುದಕ್ಕೆ ನಾವು ದಾಕ್ಷಿಣ್ಯವೆಂಬ ಸುಂದರ ಹೆಸರನ್ನಿಟ್ಟಿದ್ದೇವೆ. ಆದರೆ ಆ ದಾಕ್ಷಿಣ್ಯದ ಬೆಲೆಯನ್ನು ತೆರುವವರು ನಾವಲ್ಲ, ಹನ್ನೊಂದನೆಯವನು. ಪರರ ಗಂಟಿನಿಂದ ಮಾಡುವ ಔದಾರ್ಯವು ಔದಾರ್ಯವೆ? ಹಾಗೆಂದು ಹೆಸರಿಲ್ಲದ ಅರ್ಜಿಯನ್ನು ಬರೆದು ಕತ್ತಲೆಯಲ್ಲಿ ಕಲ್ಲೆಸೆಯುವುದೂ ಧರ್ಮವಲ್ಲ. ಅದರಲ್ಲಿ ಹೊಟ್ಟೆಕಿಚ್ಚು ನ್ಯಾಯದ ವೇಷವನ್ನು ತೊಟ್ಟುಬರುವುದು ಹೆಚ್ಚು.

ಇವೆರಡರ ನಡುವಣ ದಾರಿಯೇ ಗ್ರಾಮಸಭೆ. ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು ಒಪ್ಪಿಗೆಯನ್ನು ಪಡೆಯಬೇಕೆಂದೂ, ಹೆಸರನ್ನು ಬಿಟ್ಟರೆ ಕಾರಣವನ್ನು ಬರೆಯಬೇಕೆಂದೂ, ಬಿಟ್ಟುಹೋದವನಿಗೆ ಮೇಲ್ಮನವಿಯ ಅವಕಾಶವಿರಬೇಕೆಂದೂ ಯೋಜನೆಯ ನಿಯಮವಿದೆ. ಅಲ್ಲಿ "ಇವನು ಕಳ್ಳ" ಎಂದು ಕೂಗಬೇಕಾದುದಿಲ್ಲ. "ಇವನಿಗಿಂತ ಅವಳ ಅಗತ್ಯ ಹೆಚ್ಚಲ್ಲವೆ?" ಎಂದು ಕೇಳಿದರೆ ಸಾಕು. ಮೊದಲ ಮಾತು ಹಗೆಯನ್ನು ಹುಟ್ಟಿಸುತ್ತದೆ. ಎರಡನೆಯದು ಉತ್ತರವನ್ನು ಬೇಡುತ್ತದೆ. ಆರೋಪಿತನಿಗೂ ಎಲ್ಲರೆದುರು ಉತ್ತರಿಸುವ ಹಕ್ಕು ದೊರೆಯುತ್ತದೆ. ಕಟಾವಿಗೆ ಹೋದವರ ಪರವಾಗಿ "ಬೀಗ ಬಿದ್ದುದು ಹೊಟ್ಟೆಪಾಡಿಗೆ" ಎಂದು ನೆರೆಯವನು ಅಲ್ಲಿಯೇ ಸಾಕ್ಷಿ ನುಡಿಯಬಹುದು. ಅಪರಾಧಿಯನ್ನು ಬಯಲಿಗೆ ತರುವ ಮಾತೇ ನಿರಪರಾಧಿಯನ್ನು ಕಾಯುವ ಮಾತೂ ಆಗುತ್ತದೆ.

ಇಲ್ಲಿ ಕನ್ನಡ ಶಾಲೆಗಳಿಗೆ ಒಂದು ಕೆಲಸವಿದೆ. ರಾಜ್ಯದ ಆಡಳಿತ ಭಾಷೆ ಮರಾಠಿ; ಪಟ್ಟಿಯೂ ನಿಯಮವೂ ಬರುವುದು ಆ ಭಾಷೆಯಲ್ಲಿ. ಕನ್ನಡವಷ್ಟೇ ಬಲ್ಲ ಮುದುಕಿಯು ಗೋಡೆಗೆ ಅಂಟಿಸಿದ ಪಟ್ಟಿಯ ಮುಂದೆ ನಿಂತರೆ ಅವಳಿಗೆ ಕಾಣುವುದು ಬರೀ ಕಾಗದ. ಓದಲಾಗದ ಪಟ್ಟಿಯು ಮುಚ್ಚಿಟ್ಟ ಪಟ್ಟಿಗೆ ಸಮಾನ. ನಮ್ಮ ವಿದ್ಯಾರ್ಥಿಗಳು ಮರಾಠಿಯನ್ನೂ ಕಲಿಯುತ್ತಾರೆ. ಅವರು ಆ ಪಟ್ಟಿಯನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಲಿ. ಶಿಕ್ಷಕರು ಅರ್ಜಿಯನ್ನು ಬರೆದುಕೊಡುವಾಗ ಇದ್ದುದನ್ನು ಇದ್ದಂತೆಯೇ ಬರೆಯಲಿ, ಒಂದು ಅಕ್ಷರವನ್ನೂ ಹೆಚ್ಚಿಸದಿರಲಿ. ಸತ್ಯವನ್ನೇ ನುಡಿಯಬೇಕೆಂದು ಹಲಗೆಯ ಮೇಲೆ ಬರೆಯಿಸುವ ನಾವು, ಊರ ಸಭೆಯಲ್ಲಿ ಮೌನವಾಗಿ ಕುಳಿತರೆ ಮಕ್ಕಳು ಯಾವ ಪಾಠವನ್ನು ಕಲಿತಾರು?

ಚಿತ್ರ ತೆಗೆಯುವ ಯಂತ್ರವು ಗೋಡೆಯನ್ನು ಕಾಯಲಿ, ಬ್ಯಾಂಕು ಹಣವನ್ನು ಕಾಯಲಿ. ಹನ್ನೊಂದನೆಯವನನ್ನು ಕಾಯಬೇಕಾದವರು ಅವನ ನೆರೆಯವರೇ. ಪಟ್ಟಿಯಲ್ಲಿ ಅವನ ಸ್ಥಾನ ಯಾವುದೆಂದು ಕೇಳುವಷ್ಟು ಧೈರ್ಯ ಊರಿನಲ್ಲಿ ಒಬ್ಬರಿಗಾದರೂ ಇದ್ದರೆ, ಪಂಚಾಯತಿಯ ಅರ್ಧ ಕೆಲಸ ಆದಂತೆಯೇ ಸರಿ.